ರಿವಾಲ್ವರ್ ಆರಿಸುವುದು ಹೇಗೆ: ಬೆಳಗಾವಿ ಸೀಮೆಯ ಪರವಾನಗಿದಾರರಿಗೆ

ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರ ಮಾಡುವ ನನ್ನ ಅಕ್ಕನ ಮಗ ಕಳೆದ ಬೇಸಿಗೆಯಲ್ಲಿ ಪರವಾನಗಿಯ ಕಾಗದ ಹಿಡಿದುಕೊಂಡು ಮನೆಗೆ ಬಂದ. ಕುಳಿತು ನೀರು ಕುಡಿಯುವ ಮೊದಲೇ ಕೇಳಿದ: "ಮಾಮಾ, ಯಾವ ಕಂಪನಿಯದು ತೆಗೆದುಕೊಳ್ಳಲಿ, ಹೇಳಿರಿ." ಇದೇ ಪ್ರಶ್ನೆಯನ್ನು ಗೋಕಾಕದವರು, ಜಮಖಂಡಿಯವರು, ಇಂಡಿಯವರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ನಮ್ಮ ಕಾಕಾ ತೀರಿಕೊಂಡ ಮೇಲೆ ಅವರ ಹಳೆಯ .32 ರಿವಾಲ್ವರ್ ಕಾನೂನಿನ ಪ್ರಕಾರ ನನ್ನ ಹೆಸರಿಗೆ ಬಂತು. ಅಂದಿನಿಂದ ಗುರಿ ಅಭ್ಯಾಸ ನನಗೆ ಬಿಡದ ನಂಟು. ಆ ಅನುಭವದ ಮೇಲೆ ಹೇಳುತ್ತೇನೆ: ಕಂಪನಿಯ ಹೆಸರು ಕೇಳುವುದು ತಪ್ಪಲ್ಲ, ಆದರೆ ಅದು ಮೊದಲ ಪ್ರಶ್ನೆಯಲ್ಲ. ಪ್ರತಿ ಕಂಪನಿಯೂ ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಟ್ಟಿರುತ್ತದೆ. ಏನನ್ನು ಪಡೆದಿದೆ, ಏನನ್ನು ಬಿಟ್ಟಿದೆ ಎಂದು ತಿಳಿದವನಿಗೆ ಮಾತ್ರ ಆ ಹೆಸರಿನಿಂದ ಉಪಯೋಗ.

ಮೊದಲು ಪರವಾನಗಿಯನ್ನು ಓದಿ

ಅಂಗಡಿಗೆ ಹೋಗುವ ಮೊದಲು ನಿಮ್ಮ ಪರವಾನಗಿಯಲ್ಲಿ ಯಾವ ಬಗೆಯ ಆಯುಧ, ಯಾವ ಬೋರ್ (ನಳಿಗೆಯ ಒಳ ಅಳತೆ), ವರ್ಷಕ್ಕೆ ಎಷ್ಟು ಕಾಡತೂಸು ಎಂದು ಬರೆದಿದೆಯೋ ನೋಡಿಕೊಳ್ಳಿ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಬೋರ್‌ಗಳನ್ನು ನಿಷೇಧಿತ, ಅನಿಷೇಧಿತ ಎಂದು ಎರಡು ಪಾಲು ಮಾಡಿವೆ. ಸೇನೆ ಮತ್ತು ಪೊಲೀಸರ ಬಳಕೆಯಲ್ಲಿರುವ .38, .455ರಂಥವು ಸಾಮಾನ್ಯ ನಾಗರಿಕನಿಗೆ ಸಿಗುವುದಿಲ್ಲ. ರಿವಾಲ್ವರ್ ಬಯಸುವವನಿಗೆ ಮುಖ್ಯವಾಗಿ ಉಳಿಯುವುದು .32, ಸ್ವಲ್ಪ ಮಟ್ಟಿಗೆ .22. ಒಬ್ಬರ ಹೆಸರಿನಲ್ಲಿ ಇರಬಹುದಾದ ಬಂದೂಕುಗಳ ಮಿತಿಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿತು. ಅದೇ ತಿದ್ದುಪಡಿ ಮದುವೆ, ಮೆರವಣಿಗೆಗಳಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮದ ಗುಂಡು ಹಾರಿಸುವವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಿತು. ಇದನ್ನು ಹೊಸ ಪರವಾನಗಿದಾರರಿಗೆ ನಾನು ಎರಡು ಸಲ ಹೇಳುತ್ತೇನೆ.

ಆಯುಧ ಮತ್ತು ಸರ್ಕಾರದ ಕಾಗದದ ನಡುವಿನ ಸಂಬಂಧ ನಮ್ಮ ಸೀಮೆಗೆ ಹೊಸದಲ್ಲ. 1857ರಲ್ಲಿ ಬ್ರಿಟಿಷರು ಶಸ್ತ್ರಗಳನ್ನು ಒಪ್ಪಿಸಬೇಕೆಂದು ಕಾಯ್ದೆ ತಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪದೆ ದಂಗೆಯೆದ್ದರು, ಊರು ಉರಿಯಿತು, ಮುಂದಾಳುಗಳು ಗಲ್ಲಿಗೇರಿದರು. ಪರರ ಸರ್ಕಾರದ ಕಾಯ್ದೆ ಅದು. ಇಂದಿನದು ನಾವೇ ಮಾಡಿಕೊಂಡದ್ದು. ಅದನ್ನು ಪಾಲಿಸಲು ನನಗೆ ಯಾವ ಮುಜುಗರವೂ ಇಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿ ಮುಂದೆ ಹೋಗುತ್ತೇನೆ. ಭೀಮಾ ತೀರದ ಹೆಸರು ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಜೊತೆಗೆ ನಾಡ ಪಿಸ್ತೂಲಿನ ಸುದ್ದಿ ಇರುತ್ತದೆ. "ಅಗ್ಗಕ್ಕೆ ಸಿಗುತ್ತದೆ, ಕೆಲಸ ಒಂದೇ" ಎನ್ನುವವರಿದ್ದಾರೆ. ಕೆಲಸ ಒಂದೇ ಅಲ್ಲ. ಕಾರ್ಖಾನೆಯ ಆಯುಧವನ್ನು ಮಾಮೂಲಿಗಿಂತ ಹೆಚ್ಚು ಒತ್ತಡದ ಕಾಡತೂಸು ಹಾರಿಸಿ ಪರೀಕ್ಷಿಸಿ, ಮುದ್ರೆ ಒತ್ತಿ ಹೊರಗೆ ಬಿಡುತ್ತಾರೆ. ಯಾವುದೋ ಕೊಳವೆಯನ್ನು ಬೆಸೆದು ಮಾಡಿದ್ದು ಎದುರಿನವನಿಗಿಂತ ಹಿಡಿದವನ ಬೆರಳುಗಳಿಗೇ ಹತ್ತಿರ. ಜೈಲಿನ ಮಾತು ಅದರ ಮೇಲೆ.

ದೊಡ್ಡ ಹೆಸರುಗಳು ಯಾಕೆ ದೊಡ್ಡವು

ಹೊರದೇಶದ ಕೈಬಂದೂಕುಗಳನ್ನು ಸಾಮಾನ್ಯ ನಾಗರಿಕ ತರಿಸಿಕೊಳ್ಳುವುದು 1980ರ ದಶಕದ ಮಧ್ಯದಿಂದ ನಿಂತಿದೆ. ಹೀಗಾಗಿ ಅಮೆರಿಕದ ಸ್ಮಿತ್ ಅಂಡ್ ವೆಸನ್, ಕೋಲ್ಟ್ ಕಂಪನಿಗಳ ರಿವಾಲ್ವರ್‌ಗಳು ನಮಗೆ ಹಳೆಯ ಮಾಲಾಗಿ, ಹಲವು ಲಕ್ಷದ ಬೆಲೆಗೆ, ಅಪರೂಪಕ್ಕೆ ಸಿಗುತ್ತವೆ. ಆದರೂ ಅವುಗಳ ಬಗ್ಗೆ ತಿಳಿಯಬೇಕು. ರಿವಾಲ್ವರ್‌ನಲ್ಲಿ ಒಳ್ಳೆಯದು, ಕೆಟ್ಟದ್ದು ಎಂದರೆ ಏನು ಎಂಬ ಅಳತೆಗೋಲು ಹುಟ್ಟಿದ್ದೇ ಈ ಕಂಪನಿಗಳ ಪೈಪೋಟಿಯಲ್ಲಿ.

ಟ್ರಿಗರ್‌ನಿಂದ ಶುರು ಮಾಡೋಣ. ರಿವಾಲ್ವರನ್ನು ಎರಡು ರೀತಿಯಲ್ಲಿ ಹಾರಿಸಬಹುದು. ಹಿಂದಿನ ಸುತ್ತಿಗೆಯನ್ನು, ನಮ್ಮ ಹಿರಿಯರು 'ಕುದುರೆ' ಎನ್ನುತ್ತಿದ್ದ ಭಾಗವನ್ನು, ಹೆಬ್ಬೆರಳಿನಿಂದ ಎಳೆದು ನಿಲ್ಲಿಸಿ ಟ್ರಿಗರ್ ಒತ್ತುವುದು ಒಂದು. ಇದು ಸಿಂಗಲ್ ಆಕ್ಷನ್. ಒತ್ತಡ ಕಡಿಮೆ, ದೂರವೂ ಕಡಿಮೆ. ಟ್ರಿಗರ್ ಒಂದರಿಂದಲೇ ಗುಂಡು ತುಂಬುವ ಗಾಲಿಯನ್ನು, ಅಂದರೆ ಸಿಲಿಂಡರನ್ನು, ತಿರುಗಿಸಿ, ಕುದುರೆಯನ್ನು ಎತ್ತಿ, ಬೀಳಿಸುವುದು ಇನ್ನೊಂದು. ಇದು ಡಬಲ್ ಆಕ್ಷನ್. ಕಾರ್ಖಾನೆಯಿಂದ ಬಂದಂತೆ ನಾಲ್ಕೂವರೆ, ಐದು ಕಿಲೋ ಭಾರ ಬೆರಳಿನ ಮೇಲೆ ಬೀಳುವುದು ಸಾಮಾನ್ಯ. ಗಾಬರಿಯ ಗಳಿಗೆಯಲ್ಲಿ ಕೈಗೆ ಸಿಗುವುದು ಇದೇ. ಆದ್ದರಿಂದ ನುರಿತವರು ಕಂಪನಿಗಳನ್ನು ತೂಗುವುದು ಡಬಲ್ ಆಕ್ಷನ್ ಎಳೆತದಿಂದ.

ಸ್ಮಿತ್ ಅಂಡ್ ವೆಸನ್ ಗೆದ್ದದ್ದು ಇಲ್ಲಿ. ಅದರ ಎಳೆತ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಸಮ. 1899ರಲ್ಲಿ ಬಂದ, ಮುಂದೆ ಮಾಡೆಲ್ 10 ಎಂದು ಹೆಸರಾದ ಅದರ .38 ರಿವಾಲ್ವರ್ ಲಕ್ಷಲಕ್ಷ ಪೊಲೀಸರ ಸೊಂಟದಲ್ಲಿತ್ತು. ಅಮೆರಿಕದ ಜೆರ್ರಿ ಮಿಕುಲೆಕ್ 1999ರಲ್ಲಿ ಆರು ಗುಂಡು ಹಾರಿಸಿ, ಮತ್ತೆ ಆರು ತುಂಬಿ, ಅವನ್ನೂ ಹಾರಿಸಲು ತೆಗೆದುಕೊಂಡದ್ದು 2.99 ಸೆಕೆಂಡ್, ಕೈಯಲ್ಲಿದ್ದದ್ದು ಸ್ಮಿತ್ ಅಂಡ್ ವೆಸನ್ 625. ವೇಗದ ಸ್ಪರ್ಧೆಗಳಲ್ಲಿ ಈ ಹೆಸರಿಗೆ ಇರುವ ಮಾನಕ್ಕೆ ಇದು ಸಾಕ್ಷಿ. ಅದಕ್ಕೆ ದೂರೂ ಇದೆ. ಈ ಶತಮಾನದ ಆರಂಭದಲ್ಲಿ ಕಂಪನಿಯು ಚೌಕಟ್ಟಿನೊಳಗೆ ಕೀಲಿಕೈಯಿಂದ ತಿರುಗಿಸುವ ಬೀಗವನ್ನು ಸೇರಿಸಿತು. ಹಳಬರಿಗೆ ಆ ತೂತು ಕಣ್ಣಿಗೆ ಚುಚ್ಚುತ್ತದೆ. ಅದಕ್ಕಾಗಿಯೇ ಬೀಗವಿಲ್ಲದ ಹಳೆಯ ಮಾದರಿಗಳನ್ನು ಹುಡುಕಿಕೊಂಡು ಹೋಗುತ್ತಾರೆ.

ಕೋಲ್ಟ್‌ನ ಮರುಳು ಬೇರೆ. 1955ರಲ್ಲಿ ಬಂದ ಪೈಥಾನ್ ಕೈಕೆಲಸದ ಆಯುಧ. ಮಿರುಗುವ ನೀಲಿ ಹೊಳಪು, ಕುದುರೆ ಬೀಳುವ ಹೊತ್ತಿಗೆ ಸಿಲಿಂಡರ್ ಒಂದಿಷ್ಟೂ ಅಲುಗದಂತೆ ಬಿಗಿಯುವ ಬಂಧ. ಗುರಿ ಹೊಡೆಯುವವರು ಅದಕ್ಕೆ ಮನಸೋತದ್ದು ಆ ಬಂಧಕ್ಕಾಗಿ. ಆದರೆ ಅದರ ಡಬಲ್ ಆಕ್ಷನ್ ಎಳೆತ ಕೊನೆಯಲ್ಲಿ ಭಾರವಾಗುತ್ತದೆ. ಬಾವಿಯಿಂದ ನೀರು ಸೇದುವಾಗ ಕೊಡ ನೀರಿನೊಳಗೆ ಇರುವ ತನಕ ಹಗುರವಾಗಿದ್ದ ಹಗ್ಗ, ಕೊಡ ಮೇಲೆದ್ದ ಕೂಡಲೇ ಕೈಯನ್ನು ಕೆಳಗೆ ಜಗ್ಗುತ್ತದಲ್ಲ, ಹಾಗೆ. ಕೆಲವರಿಗೆ ಇದು ಬೇಡ. ಕೆಲವರು ಇದನ್ನೇ ಗುರುತಾಗಿ ಮಾಡಿಕೊಂಡು, ಭಾರ ಬಂದಲ್ಲಿ ಒಂದು ಉಸಿರು ನಿಂತು ಗುಂಡು ಬಿಡುತ್ತಾರೆ. ಅಷ್ಟು ಬಿಗಿಯಾದ ಯಂತ್ರ ಸವೆದಾಗ ಸರಿಪಡಿಸಲು ಪಳಗಿದ ಕೈಯೇ ಬೇಕು. 2005ರಲ್ಲಿ ನಿಂತುಹೋದ ಪೈಥಾನ್ 2020ರಲ್ಲಿ ಮರಳಿ ಬಂದಾಗ ಒಳಗಿನ ಯಂತ್ರವನ್ನು ಸರಳಗೊಳಿಸಿದ್ದರು.

ರೂಗರ್ ಈ ಎರಡಕ್ಕಿಂತ ಬಹಳ ಕಿರಿಯದು, 1949ರಲ್ಲಿ ಹುಟ್ಟಿದ ಕಂಪನಿ. ಹೊಳಪಿಗೂ ನಯಕ್ಕೂ ಅದು ಹಣ ಸುರಿಯಲಿಲ್ಲ. ಎರಕದ ದಪ್ಪ ಉಕ್ಕು, ಸುರುಳಿ ಸ್ಪ್ರಿಂಗು, ಪಕ್ಕದ ತಟ್ಟೆ ಇಲ್ಲದ ಇಡೀ ಚೌಕಟ್ಟು. 1985ರ ಜಿಪಿ 100 ರಿವಾಲ್ವರ್ ಹೆಚ್ಚು ಒತ್ತಡದ, ಭಾರವಾದ ಹೊಡೆತದ ಮ್ಯಾಗ್ನಂ ಗುಂಡುಗಳನ್ನು ವರ್ಷಗಟ್ಟಲೆ ತಿಂದು ಜೀರ್ಣಿಸಿಕೊಳ್ಳುತ್ತದೆ. ಬಿಚ್ಚಿ ಜೋಡಿಸಲು ಹೆಚ್ಚಿನ ಹತ್ಯಾರು ಬೇಡ. ಟ್ರಿಗರ್ ಮಾತ್ರ ಆರಂಭದಲ್ಲಿ ಒರಟು. ನನಗೆ ಕೇಳಿದರೆ, ಹೊಲದಲ್ಲಿ ದುಡಿಯುವ ಆಯುಧಕ್ಕೆ ರೂಗರ್, ಸ್ಪರ್ಧೆಗೆ ಸ್ಮಿತ್, ಕಣ್ಣಿಗೂ ಮನಸ್ಸಿಗೂ ಹಳೆಯ ಕೋಲ್ಟ್. ಫ್ರಾನ್ಸಿನ ಮಾನ್ಯುರಿನ್ ಎಂಆರ್ 73 ಎಂಬುದು ನಯ ಮತ್ತು ತಾಳಿಕೆ ಎರಡನ್ನೂ ಒಂದರಲ್ಲೇ ತಂದಿತು. ಬೆಲೆಯನ್ನೂ ಹಾಗೆಯೇ ಏರಿಸಿತು.

ಬಳಸುವವರ ಅಭ್ಯಾಸದ ಮಾತೂ ಇದೆ. ಸಿಲಿಂಡರ್ ಹೊರಗೆ ತೆರೆಯಲು ಸ್ಮಿತ್‌ನಲ್ಲಿ ಗುಂಡಿಯನ್ನು ಮುಂದಕ್ಕೆ ತಳ್ಳಬೇಕು, ಕೋಲ್ಟ್‌ನಲ್ಲಿ ಹಿಂದಕ್ಕೆ ಎಳೆಯಬೇಕು, ರೂಗರ್‌ನಲ್ಲಿ ಒಳಕ್ಕೆ ಒತ್ತಬೇಕು. ವರ್ಷಾನುಗಟ್ಟಲೆ ಒಂದಕ್ಕೆ ಒಗ್ಗಿದ ಹೆಬ್ಬೆರಳು ಇನ್ನೊಂದನ್ನು ಒಪ್ಪುವುದಿಲ್ಲ. "ನನಗೆ ಅದೇ ಕಂಪನಿ ಬೇಕು" ಎನ್ನುವ ಎಷ್ಟೋ ಜನರ ಹಠದ ಹಿಂದೆ ಇರುವುದು ಈ ಹೆಬ್ಬೆರಳು.

ನಮಗೆ ಸಿಗುವವು

ಅಂಗಡಿಯಲ್ಲಿ ನಿಮ್ಮೆದುರು ಇಡುವುದು ಮುಖ್ಯವಾಗಿ ಕಾನ್ಪುರದ ಮಾಲು. ಸರ್ಕಾರಿ ಕಾರ್ಖಾನೆಯ .32 ರಿವಾಲ್ವರಿನ ಮೈಕಟ್ಟು ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಮಾರ್ಕ್ 4ರಿಂದ ಬಂದದ್ದು, ಅದು ತಿನ್ನುವ ಕಾಡತೂಸು 1896ರಲ್ಲಿ ಸ್ಮಿತ್ ಅಂಡ್ ವೆಸನ್ ತಂದ .32 ಲಾಂಗ್. ಬ್ರಿಟನ್ನಿನ ಮೈ, ಅಮೆರಿಕದ ಆಹಾರ, ಕಾನ್ಪುರದ ದುಡಿಮೆ. ಇದನ್ನು ಮೇಲಿನ ಕೊಂಡಿ ಒತ್ತಿ ಮಧ್ಯಕ್ಕೆ ಮಡಚಿ ತೆರೆಯಬೇಕು. ತೆರೆದ ಕೂಡಲೇ ನಡುವಿನ ನಕ್ಷತ್ರದಾಕಾರದ ತುಂಡು ಎದ್ದು ಆರೂ ಖಾಲಿ ಕೋಶಗಳನ್ನು ಒಟ್ಟಿಗೆ ಹೊರಗೆ ಎತ್ತುತ್ತದೆ. ಹೀಗೆ ಮಡಚುವ ಕೀಲು ಮ್ಯಾಗ್ನಂನಂಥ ಗುಂಡುಗಳ ಹೊಡೆತಕ್ಕೆ ಬೇಗ ಸವೆಯುತ್ತದೆ; .32ರ ಮೆಲುವಾದ ಒತ್ತಡಕ್ಕೆ ಧಾರಾಳ ಸಾಕು.

2014ರಲ್ಲಿ ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ತೂಕ ಸುಮಾರು 500 ಗ್ರಾಂ. ಮಹಿಳೆಯರಿಗಾಗಿ ಎಂದು ಹೇಳಿ, ಆಗ ಸುಮಾರು 1,22,000 ರೂಪಾಯಿ ಬೆಲೆಗೆ ತಂದರು. ವ್ಯಾನಿಟಿ ಚೀಲಕ್ಕೆ ಹಗುರ, ನಿಜ. ಆದರೆ ಆಯುಧ ಹಗುರವಾದಷ್ಟೂ ಹಿಂದೊದೆತ ಹೆಚ್ಚು. ಹಗುರ ಎಂಬ ಒಂದೇ ಕಾರಣಕ್ಕೆ ಹೆಣ್ಣುಮಕ್ಕಳ ಕೈಗೆ ಅದನ್ನು ಕೊಡುವುದು ಸರಿಯಲ್ಲ. ಅವರಿಗೂ ಮೂರು ಬಗೆ ಮುಂದಿಟ್ಟು ಆರಿಸಲು ಬಿಡಬೇಕು. ಪಶ್ಚಿಮ ಬಂಗಾಳದ ಈಶಾಪುರದ ಸರ್ಕಾರಿ ಕಾರ್ಖಾನೆಯ ನಿಡರ್ .22 ಇನ್ನೂ ಹಗುರ, 250 ಗ್ರಾಂ. ಹಿಡಿದರೆ ಅಂಗೈಯಲ್ಲಿ ಏನೂ ಇಲ್ಲದಂತೆ. ಗುರಿ ನಿಲ್ಲಿಸುವುದು ಅಷ್ಟೇ ಕಷ್ಟ.

2021ರಲ್ಲಿ ಸರ್ಕಾರಿ ಶಸ್ತ್ರ ಕಾರ್ಖಾನೆಗಳು ಏಳು ಕಂಪನಿಗಳಾಗಿ ಒಡೆದ ಮೇಲೆ, 2023ರ ಆಗಸ್ಟ್‌ನಲ್ಲಿ ಕಾನ್ಪುರದಿಂದ ಬಂದದ್ದು ಪ್ರಬಲ್. ಇದರ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಸ್ಮಿತ್, ಕೋಲ್ಟ್‌ಗಳ ಪದ್ಧತಿ. ಕಾಡತೂಸಿಲ್ಲದೆ 700 ಗ್ರಾಂ, ನಳಿಗೆ 76 ಮಿಲಿಮೀಟರ್. ಐವತ್ತು ಮೀಟರ್ ದೂರಕ್ಕೆ ಗುರಿ ಎಂದು ಪ್ರಚಾರ ಮಾಡಿದರು. ಮೂರು ಇಂಚಿನ ನಳಿಗೆಯಲ್ಲಿ ಹೊಸಬ ಹತ್ತು ಮೀಟರಿಗೆ ತಟ್ಟೆ ಹೊಡೆದರೆ ಸಾಕು ಎಂದು ನಾನು ಭಾವಿಸುತ್ತೇನೆ. ಐವತ್ತರ ಸಂಖ್ಯೆ ನೋಡಿ ಕೊಳ್ಳಬೇಡಿ, ಮೆತ್ತಗಾದ ಟ್ರಿಗರ್ ನೋಡಿ ಕೊಳ್ಳಿ. ಇವುಗಳಲ್ಲದೆ ಉತ್ತರ ಪ್ರದೇಶದ ಹರದೋಯಿ ಜಿಲ್ಲೆಯ ಸಂಡೀಲಾದಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನಲ್ಲೇ .32 ತಯಾರಾಗುತ್ತದೆ.

.32 ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಅಂತರರಾಷ್ಟ್ರೀಯ ಸೆಂಟರ್ ಫೈರ್ (ತಳದ ನಡುವೆ ಕಿಡಿ ಹೊತ್ತುವ ಕಾಡತೂಸಿನ) ಸ್ಪರ್ಧೆಯಲ್ಲಿ ಜಗತ್ತಿನ ಗುರಿಕಾರರು ನೆಚ್ಚಿಕೊಂಡಿರುವುದು ಇದೇ .32 ಲಾಂಗ್ ಕಾಡತೂಸನ್ನು. ಆ ವಿಭಾಗದಲ್ಲಿ ನಮ್ಮ ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 590 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಆ ಸ್ಪರ್ಧೆಗಳಲ್ಲಿ ಈಗ ಪಿಸ್ತೂಲುಗಳದೇ ಕಾಲ, ಆದರೂ ಗುಂಡಿನ ನೇರ ಎಂಥದ್ದು ಎಂಬುದಕ್ಕೆ ಬೇರೆ ಪ್ರಮಾಣ ಬೇಡ.

ಅಂಗಡಿಯಲ್ಲಿ ಮಾಡಬೇಕಾದದ್ದು

ಬೆಲೆಯ ಮಾತು ಆಮೇಲೆ. ಮೊದಲು ಆಯುಧವನ್ನು ತೆರೆದು, ಆರೂ ಗೂಡುಗಳು ಖಾಲಿ ಇವೆ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಪಕ್ಕದವರಿಗೂ ತೋರಿಸಿ. ಖಾಲಿ ಎಂದು ಗೊತ್ತಿದ್ದರೂ ನಳಿಗೆ ಯಾರ ಕಡೆಗೂ ತಿರುಗಬಾರದು.

ಆಮೇಲೆ ಹಿಡಿಯ ಅಳತೆ ನೋಡಿ. ತೋರುಬೆರಳಿನ ಮೊದಲ ಗೆಣ್ಣಿನ ಮುಂದಿನ ಭಾಗ ಟ್ರಿಗರ್ ಮೇಲೆ ಸಹಜವಾಗಿ ಕೂರಬೇಕು. ಬೆರಳು ಚಾಚಬೇಕಾದರೆ ಹಿಡಿ ದೊಡ್ಡದು. ಬೆರಳು ಆಚೆ ಮಡಚಿಕೊಂಡರೆ ಚಿಕ್ಕದು. ಮುಂಗೈಯ ಮೂಳೆ ಮತ್ತು ನಳಿಗೆ ಒಂದೇ ಗೆರೆಯಲ್ಲಿ ಬರದಿದ್ದರೆ ಯಾವ ಕಂಪನಿಯದಾದರೂ ಅದು ನಿಮ್ಮದಲ್ಲ.

ಈಗ ವ್ಯಾಪಾರಿಯ ಒಪ್ಪಿಗೆ ಪಡೆದು, ಮದ್ದಿಲ್ಲದ ಡಮ್ಮಿ ಕಾಡತೂಸು ಹಾಕಿ ಟ್ರಿಗರ್ ಎಳೆದು ನೋಡಿ. ನಾನು ಎಲ್ಲರಿಗೂ ಮಾಡಿಸುವ ಪರೀಕ್ಷೆ ಇದು: ನಳಿಗೆಯ ಮೇಲೆ, ಮುಂದಿನ ಗುರಿಕಂಬಿಯ ಹಿಂದೆ, ಒಂದು ರೂಪಾಯಿಯ ನಾಣ್ಯ ಇಡಿ. ಸುರಕ್ಷಿತ ಗೋಡೆಯ ಕಡೆಗೆ ಹಿಡಿದು ಡಬಲ್ ಆಕ್ಷನ್‌ನಲ್ಲಿ ನಿಧಾನವಾಗಿ ಎಳೆಯಿರಿ. ಕುದುರೆ ಬಿದ್ದ ಮೇಲೂ ನಾಣ್ಯ ನಿಂತಿರಬೇಕು. ಒಂದೇ ಕೈಗೆ ಬೇರೆ ಬೇರೆ ಕಂಪನಿಯ ಮೂರು ರಿವಾಲ್ವರ್ ಕೊಟ್ಟು ಹತ್ತತ್ತು ಸಲ ಎಳೆಸಿದರೆ, ಯಾವುದು ಯಾರದು ಎಂದು ನಾಣ್ಯವೇ ಹೇಳುತ್ತದೆ.

ಹಳೆಯದನ್ನು ಕೊಳ್ಳುವವರು ಇನ್ನೂ ಹೆಚ್ಚು ನೋಡಬೇಕು. ಮೊದಲಿಗೆ ಆಯುಧದ ಮೇಲಿನ ಸಂಖ್ಯೆ ಕಾಗದದ ಸಂಖ್ಯೆಗೆ ತಾಳೆಯಾಗಬೇಕು. ತಿರುಪುಗಳ ತಲೆ ಕಚ್ಚಿಹೋಗಿದ್ದರೆ ಬಾರದವರ ಕೈ ಒಳಗೆ ಹೊಕ್ಕಿದೆ ಎಂದರ್ಥ. ಕುದುರೆಯನ್ನು ಬಹಳ ನಿಧಾನವಾಗಿ ಎಳೆಯಿರಿ. ಅದು ನಿಲ್ಲುವ ಹೊತ್ತಿಗೆ ಸಿಲಿಂಡರ್ ಟಕ್ಕೆಂದು ತನ್ನ ಜಾಗದಲ್ಲಿ ಕಚ್ಚಿಕೊಂಡಿರಬೇಕು. ಆರೂ ಗೂಡುಗಳಿಗೆ ಪ್ರತ್ಯೇಕವಾಗಿ ನೋಡಿ. ಎದ್ದು ನಿಂತ ಕುದುರೆಯನ್ನು ಹಿಂದಿನಿಂದ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಬಿದ್ದರೆ ಆ ಆಯುಧವನ್ನು ಅಲ್ಲಿಯೇ ಬಿಟ್ಟು ಬನ್ನಿ. ಟ್ರಿಗರನ್ನು ಹಿಂದಕ್ಕೆ ಹಿಡಿದುಕೊಂಡೇ ಸಿಲಿಂಡರನ್ನು ಅಲುಗಿಸಿ. ಗಾಲಿ ಅಲುಗುವುದನ್ನು ನೋಡಿಯೇ ಕೀಲು ಸವೆದದ್ದನ್ನು ಹೇಳುವ ರೈತನಿಗೆ ಇದನ್ನು ವಿವರಿಸಬೇಕಿಲ್ಲ: ಎಡಬಲಕ್ಕೆ ಕೂದಲೆಳೆಯಷ್ಟು ಸಡಿಲ ಪರವಾಗಿಲ್ಲ, ಹಿಂದೆ ಮುಂದೆ ಜರುಗಬಾರದು. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯನ್ನು ಗ್ಯಾರೇಜಿನವರ ಫಿಲ್ಲರ್ ಗೇಜಿನಿಂದ ಅಳೆಯಿರಿ, 0.1ರಿಂದ 0.25 ಮಿಲಿಮೀಟರ್ ಒಳಗಿದ್ದರೆ ಸರಿ.

ಈ ತಪಾಸಣೆಯನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ಗುರಿ ಅಭ್ಯಾಸದ ಜಾಗದಲ್ಲಿ ಪರಿಚಯದವರೊಬ್ಬರು ಹೊಸದಾಗಿ ಕೊಂಡ ಹಳೆಯ ರಿವಾಲ್ವರ್ ತಂದಿದ್ದರು, ಹೆಸರಾಂತ ಕಂಪನಿಯದೇ. ಅವರ ಬಲಕ್ಕೆ ನಿಂತಿದ್ದ ನನ್ನ ಮೊಣಕೈಗೆ ಚುರುಕ್ಕೆಂದು ಏನೋ ಬಡಿಯಿತು. ನೋಡಿದರೆ ಸೀಸದ ಚೂರು, ರಕ್ತ. ಒಂದು ಗೂಡು ಮಾತ್ರ ನಳಿಗೆಯ ನೇರಕ್ಕೆ ಬಂದು ನಿಲ್ಲುತ್ತಿರಲಿಲ್ಲ. ಆ ಗೂಡಿನ ಗುಂಡು ನಳಿಗೆಯ ಅಂಚಿಗೆ ಉಜ್ಜಿ ಸಿಡಿಯುತ್ತಿತ್ತು. ಐದು ಗೂಡುಗಳನ್ನು ನೋಡಿ ಆರನೆಯದನ್ನು ಬಿಟ್ಟ ತಪ್ಪು. ಅಂದಿನಿಂದ ಯಾರ ಪಕ್ಕದಲ್ಲೂ ನಾನು ಸಿಲಿಂಡರಿನ ಸಮಕ್ಕೆ ನಿಲ್ಲುವುದಿಲ್ಲ, ನೀವೂ ನಿಲ್ಲಬೇಡಿ. ಹಾರಿಸುವಾಗ ಎಡಗೈಯ ಬೆರಳುಗಳನ್ನು ಆ ಸಂದಿಯ ಹತ್ತಿರ ತರಬೇಡಿ. ಸುಡುವ ಅನಿಲ ಅಲ್ಲಿಂದ ಪಕ್ಕಕ್ಕೆ ಚಿಮ್ಮುತ್ತದೆ.

ಖಾನಾಪುರದ ಮಳೆ, ವಿಜಯಪುರದ ಧೂಳು

ಒಂದೇ ಕಂಪನಿಯ, ಒಂದೇ ಮಾದರಿಯ ರಿವಾಲ್ವರನ್ನು ಖಾನಾಪುರದವರು ಬೈಯುತ್ತಾರೆ, ವಿಜಯಪುರದವರು ಹೊಗಳುತ್ತಾರೆ. ವ್ಯತ್ಯಾಸ ಇರುವುದು ಹವೆಯಲ್ಲಿ. ಮಲೆಸೆರಗಿನ ಮಳೆಗಾಲದಲ್ಲಿ ನೀಲಿ ಬಣ್ಣದ ಉಕ್ಕಿಗೆ ಎರಡೇ ವಾರದಲ್ಲಿ ಕೆಂಪು ಚುಕ್ಕೆ ಮೂಡುತ್ತದೆ. ಅಲ್ಲಿಯವರು ಆಯುಧವನ್ನು ಚರ್ಮದ ಚೀಲದಲ್ಲಿ ಇಟ್ಟು ಮರೆಯಬಾರದು. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ. ವಾರಕ್ಕೊಮ್ಮೆ ತೆಳ್ಳನೆಯ ಬಂದೂಕಿನ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಬಟ್ಟೆ ಸುತ್ತಿ, ಕೀಲಿ ಹಾಕಿದ ತಿಜೋರಿಯಲ್ಲಿ ಇಡಿ. ಕಾಡತೂಸು ಬೇರೆ ಕಡೆ, ಬೇರೆ ಕೀಲಿಯಲ್ಲಿ. ವಿಜಯಪುರ, ಸಿಂದಗಿಯ ಕಡೆ ಎಣ್ಣೆ ಹೆಚ್ಚಾದದ್ದೇ ರೋಗ. ಧೂಳು ಎಣ್ಣೆಗೆ ಅಂಟಿ ಅರೆಯುವ ಮಣ್ಣಾಗುತ್ತದೆ. ಅಲ್ಲಿ ಒರೆಸಿದ ಮೇಲೆ ಮತ್ತೊಮ್ಮೆ ಒಣಬಟ್ಟೆಯಿಂದ ಒರೆಸಬೇಕು. ಎಲ್ಲಿಯೇ ಆಗಲಿ ಕಾಡತೂಸಿಗೆ ಎಣ್ಣೆ ತಾಗಿಸಬೇಡಿ. ಹಿಂಬದಿಯ ಸಂದಿನಿಂದ ಒಳಗೆ ಇಳಿದರೆ ಮದ್ದು ಸಾಯುತ್ತದೆ.

ರಿವಾಲ್ವರ್ ಕಚ್ಚಿಕೊಂಡು ತಿರುಗದಾಯಿತು ಎಂದು ಕಂಪನಿಯನ್ನು ದೂರುವವರಲ್ಲಿ ಬಹುಪಾಲು ಜನರ ತೊಂದರೆ ನಕ್ಷತ್ರದ ತುಂಡಿನ ಕೆಳಗೆ ಸಿಕ್ಕಿಕೊಂಡ ಸುಡದ ಮದ್ದಿನ ಕಾಳು. ಪಕ್ಕಕ್ಕೆ ತೆರೆಯುವ ಮಾದರಿಯಲ್ಲಿ ಖಾಲಿ ಕೋಶ ತಳ್ಳುವಾಗ ನಳಿಗೆಯ ಬಾಯಿ ಆಕಾಶ ನೋಡಲಿ, ಕಾಳು ಕೆಳಗೆ ಉದುರುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಆ ತುಂಡಿನ ಅಡಿಯನ್ನು ಒಮ್ಮೆ ಉಜ್ಜಿದರೆ ಮುಗಿಯಿತು. ಚುನಾವಣೆ ಬಂದು ಆಯುಧವನ್ನು ಠಾಣೆಗೆ ಒಪ್ಪಿಸಲು ಆದೇಶವಾದಾಗಲೂ ಹೀಗೆ ಶುಚಿ ಮಾಡಿ, ಎಣ್ಣೆ ಸವರಿ ಕೊಡಿ, ರಸೀದಿ ಪಡೆಯಿರಿ. ವಾರಗಟ್ಟಲೆ ಅದು ನಿಮ್ಮ ಕೈಗೆ ಬರುವುದಿಲ್ಲ.

ಅಕ್ಕನ ಮಗ ಪ್ರಬಲ್ ಬೇಕೆಂದು ಮನಸ್ಸು ಮಾಡಿಯೇ ಬಂದಿದ್ದ. ಅಂಗಡಿಯಲ್ಲಿ ಅದರ ಟ್ರಿಗರ್ ಅವನಿಗೆ ಹಿಡಿಸಿತು, ನಾಣ್ಯವೂ ನಿಂತಿತು. ತುಂಬುವ ಅಭ್ಯಾಸ ಮಾಡಿಸುವಾಗ ಮಾತ್ರ ತಡವರಿಸಿದ. ಅವನು ಎಡಚ. ಎಡಕ್ಕೆ ತೆರೆಯುವ ಸಿಲಿಂಡರ್, ಬಲಗೈ ಹೆಬ್ಬೆರಳಿಗೆ ಹೇಳಿ ಮಾಡಿಸಿದ ಗುಂಡಿ. ಪ್ರತಿ ಸಲ ಕೈ ಬದಲಿಸಬೇಕಾಯಿತು. "ತಮ್ಮಾ, ಇದನ್ನೊಮ್ಮೆ ಹಿಡಿ" ಎಂದು ಮಡಚಿ ತೆರೆಯುವ ಹಳೆಯ ಮಾದರಿಯ .32 ಕೊಟ್ಟೆ. ಅದು ನಡುವಿಗೆ ಮಡಚುವುದರಿಂದ ಸಿಲಿಂಡರಿಗೆ ಎಡಬಲದ ಭೇದವಿಲ್ಲ. ಕೊಂಡಿಯನ್ನು ಬಲಗೈಯಿಂದ ಒತ್ತಿ ಹೇಗೆ ತೆರೆಯಬೇಕೆಂದು ತೋರಿಸಿದೆ, ಮೂರನೆಯ ಸಲಕ್ಕೆ ಕೈ ಕೂತಿತು. ಅದನ್ನೇ ಕೊಂಡ, ಪರವಾನಗಿಯಲ್ಲಿ ನಮೂದಿಸಿಕೊಂಡ. ಅದರ ಟ್ರಿಗರ್ ಪ್ರಬಲ್‌ಗಿಂತ ಬಿಗಿ, ಅದನ್ನು ದುಡಿದು ಗೆಲ್ಲಬೇಕು. ರಾತ್ರಿ ಹುಡುಗರು ಮಲಗಿದ ಮೇಲೆ, ಕಾಡತೂಸಿನ ಪೆಟ್ಟಿಗೆ ಬೇರೆ ಕೋಣೆಯಲ್ಲಿ ಕೀಲಿ ಹಾಕಿ, ಡಮ್ಮಿ ತುಂಬಿ ಇಪ್ಪತ್ತು ಸಲ ಎಳೆಯುತ್ತಾನೆ. ಮೊದಲ ವಾರ ಹತ್ತಕ್ಕೆ ಮೂರು ಸಲ ನಾಣ್ಯ ನಿಂತಿತ್ತು. ಮೊನ್ನೆ ಫೋನ್ ಮಾಡಿ ಎಂಟಕ್ಕೆ ಬಂದಿದೆ ಎಂದ.